ಪುಟ್ಟಿ, ಕೈ ಕೊಡು!

ನೀರಿನೊಳಗೆ ಮೊದಲ ಬಾರಿ ಉಸಿರಾಡಿದ ಖುಷಿಗೆ ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. ಸೂಪರ್!

ಮರುಕ್ಷಣವೇ ಸ್ಕೂಬಾ ಕಲಿಸುವವನು ಅವಳ ತೋಳು ಹಿಡಿದು ಮೇಲಕ್ಕೆ ಕರೆತಂದುಬಿಟ್ಟ.

"ಏನಾಯ್ತು? ಉಸಿರು ಕಟ್ಟಿತಾ?" ಇಂಗ್ಲಿಷಿನಲ್ಲಿ ಕೇಳಿದ. ಕಣ್ಣಲ್ಲಿ ಗಾಬರಿ.

"ಏನೂ ಆಗಿಲ್ಲ! ಚೆನ್ನಾಗಿದೆ ಅಂದೆ, ಅಷ್ಟೇ!"

"ನೀರೊಳಗೆ ಹೆಬ್ಬೆರಳು ಅಂದ್ರೆ 'ಮೇಲೆ ಹೋಗೋಣ' ಅಂತ. ಚೆನ್ನಾಗಿದ್ರೆ ಬೆರಳು ಮಡಚಿ ಸೊನ್ನೆ ತೋರಿಸಬೇಕು. ಪಾಠದಲ್ಲಿ ಹೇಳಿದ್ದೆ."

"ಚೆನ್ನಾಗಿದ್ದದ್ದಕ್ಕೆ ಸೊನ್ನೆ! ಎಂಥ ಸ್ಕೂಲಪ್ಪಾ ಇದು..." ಎಂದು ಅವಳು ಕನ್ನಡದಲ್ಲಿ ಗೊಣಗಿಕೊಂಡಳು.

ಅವನ ತುಟಿಯಂಚು ಅಲುಗಿತು. ಬಾಯಿಗೆ ಉಪ್ಪುನೀರು ಹೋಗಿರಬೇಕು ಅಂದುಕೊಂಡಳು.

ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬಳೇ ಪರದೇಶ ಸುತ್ತಲು ಹೊರಟವಳು ಅವಳು. ಪ್ರವಾಸಿಗರ ಹಾಸ್ಟೆಲಿನಲ್ಲಿ ಬಚ್ಚಲ ಪಕ್ಕದ ಮೇಲಿನ ಮಂಚ ಎಲ್ಲಕ್ಕಿಂತ ಅಗ್ಗ, ಅದೇ ಅವಳದು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದರಲ್ಲಿ ಸ್ಕೂಬಾಗೆ ಸೇರಿದ್ದಳು. ಪುಕ್ಕಟೆ ವೈಫೈ ಸಿಗುತ್ತಿದ್ದದ್ದು ಸ್ಕೂಬಾ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಮಾತ್ರ. ಪಾಠ ಮುಗಿದ ಮೇಲೆ ಅವನು ಅಲ್ಲೇ ರಬ್ಬರ್ ಸೂಟುಗಳನ್ನು ತೊಳೆದು ನೇತುಹಾಕುತ್ತಿದ್ದ.

ಪರದೇಶದವನಿಗೆ ಕನ್ನಡ ಎಲ್ಲಿಂದ ಬರಬೇಕು? ಇಯರ್‌ಫೋನ್ ಬೇರೆ ಕೆಟ್ಟಿತ್ತು. ದಿನಾ ಸ್ಪೀಕರ್ ಹಾಕಿಕೊಂಡೇ ಅಕ್ಕನ ಜೊತೆ ಹರಟುತ್ತಿದ್ದಳು.

"ಅಕ್ಕಾ, ನಮ್ಮ ಮೇಷ್ಟ್ರು ಪಕ್ಕಾ ಆಮೆರಾಯ ಕಣೇ! ಬಾಯಿ ತೆಗೆದ್ರೆ ನಿಧಾನ, ನಿಧಾನ..."

"ಅದಿರ್ಲಿ ಪುಟ್ಟಿ, ಮಧ್ಯಾಹ್ನ ಊಟ ಮಾಡಿದ್ಯಾ?"

"ಬಿಟ್ಟೆ. ಎರಡು ಬಾಳೆಹಣ್ಣು ತಿಂದೆ."

ಮರುದಿನದಿಂದ ಆಮೆರಾಯ ಎರಡು ಡಬ್ಬಿ ಊಟ ತರತೊಡಗಿದ. "ಜಾಸ್ತಿಯಾಯ್ತು" ಎಂದು ಒಂದನ್ನು ಅವಳತ್ತ ತಳ್ಳುತ್ತಿದ್ದ. ಮಾಸ್ಕಿನೊಳಗೆ ನೀರು ನುಗ್ಗಿದರೆ ಜೀವ ಬಾಯಿಗೆ ಬರುತ್ತದೆಂದು ಅವಳು ಅಕ್ಕನೊಡನೆ ಹೇಳಿಕೊಂಡಳು. ಮಾರನೆಯ ದಿನ ಅವನು ತಾನಾಗಿಯೇ ಅವಳನ್ನು ಮೊಣಕಾಲುದ್ದ ನೀರಿನಲ್ಲಿ ಕೂರಿಸಿ, ಅದೊಂದನ್ನೇ ಮತ್ತೆ ಮತ್ತೆ ಮಾಡಿಸಿದ.

ಬಾಯಿಬಿಟ್ಟು ಹೇಳದೆಯೇ ಮನಸ್ಸು ಓದುವ ಗಂಡಸು! ಇಂಥವನೊಬ್ಬ ಭೂಮಿಯ ಮೇಲಿದ್ದಾನಾ...?

ಅವಳು ಕರಗಿದಳು. ಕರಗದೆ ಏನು ಮಾಡಿಯಾಳು? ಮದುವೆ ಗೊತ್ತಾಗಿದ್ದವನು ಕೈಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಬೇರೊಬ್ಬಳಿದ್ದಾಳೆಂದು ಗೆಳತಿಯರಿಗೆಲ್ಲ ಗೊತ್ತಿತ್ತು. ಮದುವೆಯ ಬಟ್ಟೆ ಆರಿಸಲು ನಗುನಗುತ್ತಾ ಜೊತೆಗೆ ಬಂದವಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇವಳೊಬ್ಬಳಿಗೇ.

ಅದನ್ನೂ ಅದೇ ಮೆಟ್ಟಿಲ ಮೇಲೆ ಕೂತು ಹೇಳಿ ಅತ್ತಿದ್ದಳು. ಆಮೇಲೊಂದು ಸಂಜೆ, ಸಣ್ಣ ದನಿಯಲ್ಲಿ, "ಅಕ್ಕಾ... ಆಮೆರಾಯನ ಮೇಲೆ ಮನಸ್ಸಾಗಿದೆ ಕಣೇ" ಅಂದೂಬಿಟ್ಟಳು.

ಕೊನೆಯ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಅಂದು ನೀರಿನಿಂದ ದೋಣಿಯ ಏಣಿ ಹತ್ತುವಾಗ ಬೆನ್ನಿನ ಸಿಲಿಂಡರ್ ಹಿಂದಕ್ಕೆ ಜಗ್ಗಿತು. ಅಲೆ ಬಡಿದು ಕಾಲು ಜಾರಿತು.

"ಪುಟ್ಟಿ! ಕೈ ಕೊಡು!"

ಕೊಟ್ಟಳು. ಅವನು ಮೇಲಕ್ಕೆ ಎಳೆದುಕೊಂಡ. ಹಲಗೆಯ ಮೇಲೆ ಕೂತು ಸುಧಾರಿಸಿಕೊಂಡ ಮೇಲೆಯೇ ಅವಳಿಗೆ ಹೊಳೆದದ್ದು.

ಕನ್ನಡ!

ಪುಟ್ಟಿ...!

"ನಿಮಗೆ... ಕನ್ನಡ ಬರುತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ಬರುತ್ತೆ. ನಮ್ಮಜ್ಜಿ ಸಾಕಿದ್ದು ನನ್ನ. ಅವಳಿಗೆ ಬರ್ತಿದ್ದದ್ದು ಅದೊಂದೇ ಮಾತು."

"ಹಾಗಾದ್ರೆ ಎಲ್ಲ ಕೇಳಿಸ್ಕೊಂಡ್ರಿ! ನನ್ನ ಹಸಿವು, ನನ್ನ ಅಳು, ನಾನು... ನಾನು ಮೊನ್ನೆ ಹೇಳಿದ್ದೂ...?"

ಅವನು ತಲೆ ತಗ್ಗಿಸಿದ. ನಾಚಿಕೆಯೋ ಸಿಟ್ಟೋ, ಅವಳ ಮೈಯೆಲ್ಲ ಉರಿಯಿತು.

"ಮನಸ್ಸು ಓದ್ತಾನೆ ಅಂದ್ಕೊಂಡಿದ್ದೆ. ಕಿವಿ ಕೊಟ್ಟು ಕೂತಿದ್ರಿ! ಮತ್ತೆ ಅದೇ ಕಥೆ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಎದುರಿಗೆ ನಿಂತಿರೋದು! ಕೈ ಕೊಡು ಅಂದ್ರಲ್ಲ? ಕೊಟ್ಟದ್ದು ನೀವು. ಚೆನ್ನಾಗೇ ಕೊಟ್ರಿ!"

ಕೈಕೊಡುವುದರ ಆ ಇನ್ನೊಂದು ಅರ್ಥವನ್ನು ಅಜ್ಜಿ ಕಲಿಸಿದ್ದಳೋ ಇಲ್ಲವೋ. ಅವಳ ಕಣ್ಣು ನೋಡಿ ಅವನಿಗೆ ತಿಳಿಯಿತು.

ಸಂಜೆ ಮೆಟ್ಟಿಲ ಬಳಿ ಬಂದ. ಕೂರಲಿಲ್ಲ, ಕೆಳಗೇ ನಿಂತ.

"ಮೊದಲ ದಿನಾನೇ ಹೇಳೋಣ ಅಂತಿದ್ದೆ. ಅಜ್ಜಿ ಹೋದ ಮೇಲೆ ಈ ಮಾತು ಕಿವಿಗೆ ಬಿದ್ದಿರ್ಲಿಲ್ಲ. ಇನ್ನೊಂಚೂರು ಕೇಳೋಣ ಅನ್ನಿಸ್ತು. ಅಷ್ಟರಲ್ಲಿ ನೀವು ಅತ್ತುಬಿಟ್ರಿ. ಅಳ್ತಾ ಇರೋರ ಮುಂದೆ 'ನಂಗೂ ಅರ್ಥ ಆಗುತ್ತೆ' ಅಂತ ಹೇಗೆ ಹೇಳ್ಲಿ? ದಿನ ಹೋದಷ್ಟೂ ಬಾಯಿ ಕಟ್ಟಿಹೋಯ್ತು. ತಪ್ಪು ನಂದೇ."

"ನಿಮ್ಮಜ್ಜಿಯನ್ನ ನೆನೆಸ್ಕೊಳ್ಳೋಕೆ ನನ್ನ ಕಣ್ಣೀರೇ ಬೇಕಿತ್ತಾ?"

ಅವನು ಊಟದ ಡಬ್ಬಿ ಇಟ್ಟು ಹೋದ. ಅವಳು ಮುಟ್ಟಲಿಲ್ಲ.

ಅಂದು ವೈಫೈಗೆ ಆಸೆಪಡದೆ, ಬೀದಿಯ ಕೊನೆಗೆ ಹೋಗಿ, ಕರೆನ್ಸಿ ಹಾಕಿಸಿ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮೊದಲು ನಕ್ಕಳು, ಆಮೇಲೆ ಬೈದಳು. "ಗೋಡೆಗೂ ಕಿವಿ ಇರುತ್ತೆ ಅಂತ ಅಮ್ಮ ಬಡ್ಕೊಂಡಿದ್ದು ಇದಕ್ಕೇ! ಸರಿ, ಕೇಳಿಸ್ಕೊಂಡು ಅವನೇನು ಮಾಡಿದ?"

"...ಊಟ ತಂದ."

"ಮನಸ್ಸಾಗಿದೆ ಅಂದದ್ದನ್ನ ಕೇಳಿ? ಸಲಿಗೆ ತಗೊಂಡನಾ?"

ಇಲ್ಲ... ಅಂದಿನಿಂದ ಅವನು ಇನ್ನಷ್ಟು ದೂರವೇ ನಿಲ್ಲುತ್ತಿದ್ದ.

"ಇಲ್ಲ. ಆದ್ರೂ ಮೋಸ ಮೋಸಾನೇ ಅಕ್ಕಾ!"

"ಮೋಸಾನೇ. ಕ್ಷಮಿಸಿಬಿಡು ಅಂತ ನಾನೂ ಹೇಳಲ್ಲ. ಆದ್ರೆ ಆ ಕೈಕೊಟ್ಟವನನ್ನೂ ಇವನನ್ನೂ ಒಂದೇ ತಕ್ಕಡೀಲಿ ತೂಗಬೇಡ."

ಬೆಳಿಗ್ಗೆ ಅಂಗಡಿಯ ಯಜಮಾನಿ ಅವಳ ಮುಖ ನೋಡಿಯೇ ಕೇಳಿದಳು. "ಬೇರೆಯವರನ್ನ ಜೊತೆಗೆ ಕಳಿಸ್ಲಾ?"

"ಬೇಡ. ಅವರೇ ಬರ್ಲಿ."

ಒಬ್ಬ ಕೈಕೊಟ್ಟನೆಂದು ಊರು ಬಿಟ್ಟು ಬಂದಾಗಿತ್ತು. ಇನ್ನೊಬ್ಬನಿಗಾಗಿ ಸಮುದ್ರವನ್ನೂ ಬಿಡಲು ಅವಳು ತಯಾರಿರಲಿಲ್ಲ.

ಪರೀಕ್ಷೆ ಇಷ್ಟೇ: ಗಾಳಿ ಮುಗಿದಂತೆ ನಟಿಸಿ, ಜೊತೆಗಾರನ ಸಿಲಿಂಡರಿನಿಂದ ಉಸಿರಾಡಬೇಕು. ಅವಳು ಕತ್ತಿನ ಮುಂದೆ ಅಂಗೈ ಆಡಿಸಿದಳು. ಗಾಳಿ ಇಲ್ಲ.

ತನ್ನ ಉಸಿರಿನ ಕೊಳವೆಯನ್ನು ಬಾಯಿಂದ ತೆಗೆದ ಕ್ಷಣ ನಿಜವಾಗಿಯೂ ಭಯವಾಯಿತು. ಇವನನ್ನು ಹೇಗೆ ನಂಬಲಿ...?

ಅಷ್ಟರಲ್ಲಿ ಅವನ ಸಿಲಿಂಡರಿನ ಎರಡನೇ ಕೊಳವೆ ಅವಳ ಕೈಯಲ್ಲಿತ್ತು. ಅವನು ಅವಳ ಮುಂಗೈ ಹಿಡಿದು, ಇನ್ನೊಂದು ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿ ತೋರಿಸಿದ. ನಿಧಾನ, ನಿಧಾನ.

ಉಸಿರು ಬಂತು. ಹೋಯಿತು. ಮತ್ತೆ ಬಂತು. ಅಲ್ಲಿ ಕದ್ದು ಕೇಳಲು ಮಾತೇ ಇರಲಿಲ್ಲ. ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವಳ ಸಿಟ್ಟು ಹೋಗಿರಲಿಲ್ಲ. ಆದರೆ ಭಯ ಹೋಗಿತ್ತು.

ಅವಳು ಹೆಬ್ಬೆರಳು ಎತ್ತಿದಳು.

ಅವನು ತಲೆಯಾಡಿಸಿ, ಮೆಲ್ಲಗೆ ಅವಳನ್ನು ಮೇಲಕ್ಕೆ ಕರೆತಂದ.

"ಯಾಕೆ ಮೇಲೆ ಬಂದ್ರಿ?" ಮಾಸ್ಕ್ ಸರಿಸಿ ಗದರಿದಳು.

"ನೀವೇ ಹೆಬ್ಬೆರಳು..."

"ಚೆನ್ನಾಗಿದೆ ಅಂದೆ! ನಮ್ಮ ಭಾಷೇಲಿ! ನಿಮಗೆ ಬರುತ್ತಲ್ಲ?"

ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಬರುತ್ತೆ. ಇನ್ನೆಂದೂ ಮುಚ್ಚಿಡಲ್ಲ."

"ನನ್ನ ಮನಸ್ಸಲ್ಲಿರೋದೆಲ್ಲ ಕೇಳಿಸ್ಕೊಂಡಿದ್ದೀರಿ. ನಂಗೆ ಕೇಳಿಸೋಕೆ ಏನೂ ಇಲ್ವಾ?"

"ಇದೆ... ನಂಗೂ ಮನಸ್ಸಾಗಿದೆ. ಸೊನ್ನೆ ಅಂತ ಬೈದ್ರಲ್ಲ, ಅವತ್ತೇ."

"ಜೋರಾಗಿ ಹೇಳಿ! ಈ ಸಲ ಮೊದಲು ನಂಗೆ ಗೊತ್ತಾಗ್ಬೇಕು, ಆಮೇಲೆ ಊರಿಗೆ!"

ಅವನು ಕೂಗಿ ಹೇಳಿದ. ದೋಣಿಯಲ್ಲಿದ್ದವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು.

ಅವನು ಮೊದಲು ಏಣಿ ಹತ್ತಿ, ಬಾಗಿ, ಕೈ ಚಾಚಿದ. "ಪುಟ್ಟಿ, ಕೈ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೂಂ, ಹೇಳಿ. ಕೈ...?"

"ಕೈ... ಹಿಡಿ."

ಅವಳ ಕೆನ್ನೆ ಕೆಂಪಾಯಿತು. ಕೈ ಹಿಡಿಯುವುದಕ್ಕೂ ಕನ್ನಡದಲ್ಲಿ ಇನ್ನೊಂದು ಅರ್ಥವಿದೆಯಲ್ಲ!

"ಅದಕ್ಕಿನ್ನೂ ಟೈಮಿದೆ ಆಮೆರಾಯ. ನಿಧಾನ, ನಿಧಾನ..." ಎಂದಳು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಏಣಿ ಹತ್ತುತ್ತಾ.