ಗೇಟು ಹಾಕಿದ ಬೀದಿಯಲ್ಲಿ

"ಸ್ವಲ್ಪ ಕಾಲು ತೆಗೀತೀರಾ?"

ಹೊಲಿಗೆ ಮಿಷನ್ನಿನ ಚಕ್ರ ಗಕ್ಕನೆ ನಿಂತಿತು. ಅವಳು ತಲೆಯೆತ್ತಿ ನೋಡಿದಳು. ಕೈಯಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಪೆನ್ಸಿಲ್ಲು, ಬೂಟಿನ ಮೇಲೆಲ್ಲ ಹಳದಿ ಬಣ್ಣದ ಕಲೆ... ಯಾರೋ ಗಂಡಸು ಅವಳ ಕಾಲ ಬುಡದಲ್ಲಿ ಮಂಡಿಯೂರಿ ಕೂತಿದ್ದ!

"ನನ್ನ ಕಾಲು ನಿಮಗೇನು ಮಾಡಿತು?"

"ಗೆರೆ ಎಳೀಬೇಕಿತ್ತು. ನೀವು ಸರಿಯಾಗಿ ಗೆರೆ ಬರೋ ಜಾಗದಲ್ಲೇ ಕೂತಿದ್ದೀರಿ." ಅವನು ತುಂಬ ಗಂಭೀರವಾಗಿ ಹೇಳಿದ. "ಈಗಿನ ಅಳತೆ ಪ್ರಕಾರ ನಿಮ್ಮ ಎಡಗಾಲು ನಗರಸಭೆ ಜಾಗದಲ್ಲಿದೆ. ಬಲಗಾಲು ಕಂಪನಿ ಜಾಗದಲ್ಲಿ."

"ಹಾಗಾದ್ರೆ ನಾನು ಯಾರ ಜಾಗದಲ್ಲಿದ್ದೀನಿ?"

ಅವನು ಟೇಪು ನೋಡಿದ. ಅವಳನ್ನು ನೋಡಿದ. ಮತ್ತೆ ಟೇಪು ನೋಡಿದ.

"ಅದೇ... ನನಗೂ ಗೊತ್ತಾಗ್ತಿಲ್ಲ."

ಅವಳಿಗೆ ಉರಿದುಹೋಯಿತು. ಜೊತೆಗೆ ನಗುವೂ ಬಂತು. ಎರಡರಲ್ಲಿ ಯಾವುದನ್ನು ಹೊರಗೆ ಬಿಡಬೇಕೋ ತಿಳಿಯದೆ ಬಾಯಲ್ಲಿದ್ದ ದಾರವನ್ನೇ ಕಚ್ಚಿ ತುಂಡು ಮಾಡಿದಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು 'ಸೂಜಿ' ಅಂತ. ಕೈಯಲ್ಲಿ ಸದಾ ಸೂಜಿ ಇರುತ್ತಿತ್ತು ಅನ್ನುವುದು ಒಂದು ಕಾರಣ. ನಾಲಿಗೆಯಲ್ಲೂ ಇತ್ತು ಅನ್ನುವುದು ಇನ್ನೊಂದು! ಬೀದಿಯ ಎರಡೂ ಬದಿಗೆ ಡ್ಯಾನ್ಸ್ ಹಾಲುಗಳು, ಬಾರುಗಳು. ಸಂಜೆಯಾದರೆ ಕಣ್ಣು ಕುಕ್ಕುವ ದೀಪ, ಎದೆ ನಡುಗಿಸುವ ಡ್ರಮ್ಮು. ಹಗಲಲ್ಲಿ ಮಾತ್ರ ಅದು ಮುಖ ತೊಳೆಯದೆ ಬಿದ್ದುಕೊಂಡವರ ಹಾಗಿರುತ್ತಿತ್ತು. ಬಾಗಿಲ ಮುಂದೆ ಖಾಲಿ ಬಾಟಲಿಗಳು, ಗಾಜಿನ ಚೂರು ಗುಡಿಸುವ ಸದ್ದು. ಸೂಜಿಯ ಕೆಲಸವೆಲ್ಲ ಆ ಹೊತ್ತಿನಲ್ಲೇ. ಗಾಯಕಿಯ ಗೌನಿಗೆ ಹುಕ್ಕು, ಕುಣಿಯುವವರ ಕಿತ್ತುಹೋದ ಜಿಪ್ಪು, ಡ್ರಮ್ಮರಿನ ಹರಿದ ಮೊಣಕೈ, ಎಲ್ಲವೂ ಸಂಜೆಯೊಳಗೆ ರೆಡಿಯಾಗಬೇಕು.

ಆ ಮೂಲೆಯಲ್ಲಿ ಮೊದಲು ಮಿಷನ್ನು ಇಟ್ಟವಳು ಅವಳ ಸೋದರತ್ತೆ. ತಾಯಿ ಇಲ್ಲದ ಮಗುವನ್ನು ಅದೇ ಮಿಷನ್ನಿನ ಪಕ್ಕ ಬಟ್ಟೆಗಂಟಿನ ಮೇಲೆ ಮಲಗಿಸಿ ಬೆಳೆಸಿದವಳು. ಈಗ ಕಣ್ಣು ಮಂಜಾದರೂ ಸ್ಟೂಲಿನ ಮೇಲೆ ಕೂತು ಚಮಕಿ ಹಚ್ಚುತ್ತಿದ್ದಳು.

ಆರು ತಿಂಗಳ ಹಿಂದೆ ಒಂದು ಕಂಪನಿ ಬೀದಿಯ ಹಾಲುಗಳನ್ನೆಲ್ಲ ಕೊಂಡುಕೊಂಡಿತು. ಆಮೇಲೆ ಬೀದಿಯ ಬಾಯಿಗೇ ಕಬ್ಬಿಣದ ಗೇಟು ಬಂತು. ಗೇಟಿಗೆ ಕಾವಲುಗಾರರು ಬಂದರು. ಬಟ್ಟೆ ನೋಡಿ ಒಳಗೆ ಬಿಡುವುದು, ಚೀಲ ತಡಕುವುದು, ಮುಖ ಹಿಡಿಸದಿದ್ದರೆ ವಾಪಸ್ ಕಳಿಸುವುದು. ಒಂದು ದಿನ ಅತ್ತೆಯನ್ನೇ ತಡೆದರು!

"ಪಾಸ್ ಎಲ್ಲಿ ಅಜ್ಜಿ? ಇದು ಪ್ರೈವೇಟ್ ರಸ್ತೆ."

"ನಾನು ಈ ರಸ್ತೇಲಿ ನಡೆಯೋಕೆ ಶುರು ಮಾಡಿದಾಗ ನಿಮ್ಮಪ್ಪನಿಗೆ ಮದುವೇನೇ ಆಗಿರಲಿಲ್ಲ ಕಣಪ್ಪ," ಅಂದಿದ್ದಳು ಅತ್ತೆ. ಅಷ್ಟಕ್ಕೆ ಸುಮ್ಮನಾಗದೆ ನಗರಸಭೆಗೆ ಅರ್ಜಿಯನ್ನೂ ಹಾಕಿಸಿದಳು. ಆ ಅರ್ಜಿಯ ಮೇಲೆ ಬಂದವನೇ ಈ ಸರ್ವೆಯರ್.

ಹತ್ತು ದಿನದಲ್ಲಿ ವಿಚಾರಣೆ. ಅಷ್ಟರೊಳಗೆ ಅಳೆದು ನಕ್ಷೆ ಬರೆಯಬೇಕು.

ಅವನು ದಿನಾ ಬರತೊಡಗಿದ. ಮೂರನೇ ದಿನ ಗೇಟಿನ ಕಬ್ಬಿಣಕ್ಕೆ ಸಿಕ್ಕಿ ಪ್ಯಾಂಟು ಪರ್ರನೆ ಹರಿಯಿತು. ಅತ್ತೆಯ ಶಾಲು ಸುತ್ತಿಕೊಂಡು ಬಟ್ಟೆ ಬದಲಿಸಲೆಂದು ಕಟ್ಟಿದ್ದ ಪರದೆಯ ಹಿಂದೆ ಕೂತವನನ್ನು ಊಹಿಸಿಕೊಂಡು ಸೂಜಿ ಬಿದ್ದು ಬಿದ್ದು ನಕ್ಕಳು.

"ನಗಬೇಡಿ ಪ್ಲೀಸ್! ನಾನು ಸರ್ಕಾರಿ ಕೆಲಸದ ಮೇಲಿದ್ದೀನಿ."

"ಸರ್ಕಾರದ ಮಾನ ಈಗ ನನ್ನ ಕೈಲಿದೆ. ಸುಮ್ನಿರಿ!"

ಅವನೂ ನಕ್ಕ. ಆ ನಗು ಪರದೆ ದಾಟಿ ಬಂದು ಅವಳ ಎದೆಯಲ್ಲಿ ಎಲ್ಲೋ ಕೂತುಬಿಟ್ಟಿತು...

ನಾಲ್ಕನೇ ದಿನ, ಐದನೇ ದಿನ... ಬಂದಾಗಲೆಲ್ಲ ಒಂದೇ ಮಾತು. "ಅಳತೆ ತಾಳೆ ಆಗ್ತಿಲ್ಲ." ಹಾಗೆಂದು ಟೇಪು ಸುತ್ತಿಟ್ಟು ಅರ್ಧ ಗಂಟೆ ಅತ್ತೆಯ ಹತ್ತಿರ ಹಳೆಯ ಕಥೆ ಕೇಳುತ್ತ ಕೂರುತ್ತಿದ್ದ. ಮೊದಲು ಇಲ್ಲಿ ನಲ್ಲಿ ಇತ್ತಾ? ಯಾರು ಯಾರು ನೀರು ಹಿಡಿಯುತ್ತಿದ್ದರು? ಯಾರಾದರೂ ತಡೆದಿದ್ದರಾ?

'ಇವನು ಬರೋದು ರಸ್ತೆಗಾಗಿಯೋ, ಅತ್ತೆಯ ಕಥೆಗಾಗಿಯೋ, ಅಥವಾ...' ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಅವತ್ತು ಗಾಯಕಿಯ ಕೆಂಪು ಗೌನಿಗೆ ಹಸಿರು ದಾರದಲ್ಲಿ ಹೊಲಿಗೆ ಹಾಕಿಬಿಟ್ಟಳು.

"ಕಣ್ಣು ಮಂಜಾಗಿರೋದು ನನಗಾ, ನಿನಗಾ?" ಅತ್ತೆ ಕೇಳಿದಳು.

ಎಂಟನೇ ದಿನ ಅದು ನಡೆಯಿತು.

ಹೊಲಿದ ಬಟ್ಟೆ ಕೊಡಲು ಹೋಗಿದ್ದ ಸೂಜಿ ಕಂಪನಿ ಆಫೀಸಿನ ಗಾಜಿನ ಗೋಡೆಯಾಚೆ ಅವನನ್ನು ಕಂಡಳು. ಮೇಜಿನ ಮೇಲೆ ನಕ್ಷೆ ಹರಡಿತ್ತು. ಮ್ಯಾನೇಜರ್ ಏನೋ ಹೇಳಿ ನಕ್ಕ. ಇವನು ಎದ್ದು ಕೈಕುಲುಕಿ, ಒಂದು ಲಕೋಟೆ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡ.

ಅವಳು ಬಟ್ಟೆಗಂಟನ್ನು ಎದೆಗೆ ಅವುಚಿಕೊಂಡಳು.

'ಇಲ್ಲ... ಏನೋ ಕೆಲಸ ಇರಬೇಕು...'

ಆದರೆ ಅದೇ ಸಂಜೆ ಕಾವಲುಗಾರ ಒಂದು ಕಾಗದ ತಂದಿಟ್ಟ. ಕಂಪನಿಯ ಜಾಗದಲ್ಲಿ ಕಂಪನಿಯ ದಯೆಯಿಂದ ಕೂತಿದ್ದೇವೆ ಅಂತ ಒಪ್ಪಿಗೆ ಪತ್ರ. ಸಹಿ ಹಾಕದಿದ್ದರೆ ಮಿಷನ್ನು ಎತ್ತಬೇಕು. ಅದರ ಜೊತೆಗಿದ್ದ ನಕ್ಷೆಯ ಪ್ರತಿಯಲ್ಲಿ ಅವಳ ಮೂಲೆ ಇತ್ತು. ಆರಡಿ ಉದ್ದ, ನಾಲ್ಕಡಿ ಅಗಲ. ಮಿಷನ್ನಿನ ಜಾಗ, ಅತ್ತೆಯ ಸ್ಟೂಲಿನ ಜಾಗ ಕೂಡ! ಬಾಲ ಉದ್ದವಾಗಿ ಎಳೆದ ಆ ಅಂಕಿಗಳು... ದಿನಾ ಅವಳ ಕಣ್ಣೆದುರೇ ಬರೆಯುತ್ತಿದ್ದ ಅವನದೇ ಕೈಬರಹ.

ಇದಕ್ಕೇನಾ ದಿನಾ ಬಂದು ಕೂತದ್ದು? ಇದಕ್ಕೇನಾ ಅತ್ತೆಯ ಬಾಯಿಂದ ಎಲ್ಲ ಕೇಳಿದ್ದು?

ಮರುದಿನ ಅವನು ಬಂದಾಗ ಅವಳು ತಲೆಯೆತ್ತಲಿಲ್ಲ.

"ಏನಾಯ್ತು?"

"ರಸ್ತೆ ಯಾರದ್ದೋ ನನಗೆ ಗೊತ್ತಿಲ್ಲ. ಆದ್ರೆ ಅತ್ತೆ ಕೂತಿರೋ ಕಡೆ ನಿಮ್ಮ ನೆರಳೂ ಬೀಳಬಾರದು. ಹೋಗಿ!"

ಅವನು ಕಾಗದ ನೋಡಿದ. ಮುಖ ಬಿಳುಚಿಕೊಂಡಿತು. "ಅದು ಹಾಗಲ್ಲ... ವಿಚಾರಣೆಗೆ ಮುಂಚೆ ನಾನು ಏನೂ ಹೇಳೋ ಹಾಗಿಲ್ಲ. ನಾಳೆವರೆಗೆ ಸಹಿ ಮಾತ್ರ ಹಾಕಬೇಡಿ. ನಂಬಿ."

"ಯಾರನ್ನ?"

ಅವನು ಟೇಪು ಸುತ್ತಿಕೊಂಡು ಹೊರಟ. ಅವಳು ಸಹಿ ಹಾಕಲಿಲ್ಲ. ಅವನ ಮಾತಿಗಲ್ಲ, ತನ್ನ ಹಟಕ್ಕೆ! ಹಾಗಂತ ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಳು.

ವಿಚಾರಣೆ ನಗರಸಭೆಯ ಸಭಾಂಗಣದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಒಂದು ಕಡೆ ಕಂಪನಿಯವರು. ಇನ್ನೊಂದು ಕಡೆ ಬೀದಿಯವರು. ಹಗಲು ಬೆಳಕಿನಲ್ಲಿ ಗಾಯಕಿಯೂ ಡ್ರಮ್ಮರೂ ನಿದ್ದೆಗಣ್ಣಲ್ಲಿ ತೂಕಡಿಸುತ್ತಿದ್ದರು.

ಅವನು ಎದ್ದು ನಿಂತ.

"ಅಳತೆ ಪ್ರಕಾರ, ಹಳೆಯ ಪತ್ರಗಳ ಪ್ರಕಾರ, ಈ ಬೀದಿಯ ನೆಲ ಕಂಪನಿಯದ್ದೇ."

ಗದ್ದಲವೆದ್ದಿತು. ಮ್ಯಾನೇಜರ್ ಮುಗುಳ್ನಕ್ಕ. ಸೂಜಿಯ ಕಣ್ಣು ಕತ್ತಲಿಟ್ಟಿತು. ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೂ ಮುಗಿದಿಲ್ಲ," ಅವನು ಕೈಯೆತ್ತಿದ. "ಡ್ಯಾನ್ಸ್ ಹಾಲು ಕಟ್ಟಿದ ಮೊದಲ ಮಾಲೀಕರು ಈ ಬೀದಿಯನ್ನ ಜನ ನಡೆಯೋಕೆ ಅಂತ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ. ಮೂಲ ಪತ್ರ ಕಂಪನಿ ಆಫೀಸಲ್ಲೇ ಇತ್ತು. ಅವರೇ ಅದನ್ನ ಪೂರ್ತಿ ಓದಿರಲಿಲ್ಲ. ನಾನು ಕೇಳಿದಾಗ ಲಕೋಟೆಗೆ ಹಾಕಿ ಕೊಟ್ಟರು. ನೆಲ ಅವರದ್ದಿರಬಹುದು. ಆದರೆ ಅದರ ಮೇಲೆ ನಡೆಯೋರನ್ನ ತಡೆಯೋ ಹಕ್ಕು ಅವರಿಗಿಲ್ಲ. ಗೇಟು ಹಾಕೋ ಹಾಗಿಲ್ಲ."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕ ತೆಗೆದರು. "ಈಗ ಬೀದಿ ಕಂಪನಿದೋ ಜನರದ್ದೋ? ಒಂದು ಹೇಳಪ್ಪಾ."

"ಎರಡೂ ಸರ್."

"ನನ್ನ ತಲೆ ಕೆಟ್ಟುಹೋಯ್ತು!"

"ನನಗೂ ಎರಡು ದಿನ ಕೆಟ್ಟಿತ್ತು ಸರ್." ಅವನು ಇನ್ನೊಂದು ಹಾಳೆ ತೆಗೆದ. "ನಡೆಯೋ ಹಕ್ಕಿದೆ ಅಂದ್ರೆ ಕೂರೋ ಹಕ್ಕಿದೆ ಅಂತಲ್ಲ. ಹಾಗಾಗಿ ಟೈಲರಮ್ಮನ ಮೂಲೆ ಬೇರೆಯಾಗಿ ಅಳೆದೆ. ನಿಯಮದಂತೆ ಬರೀ ಅಳತೆ ಇದ್ದ ಆ ನಕ್ಷೆಯ ಪ್ರತಿ ಕಂಪನಿಗೂ ಕೊಟ್ಟೆ, ಜಾಗ ಯಾರದ್ದು ಅಂತ ಅದರಲ್ಲಿ ಬರೆದಿರಲಿಲ್ಲ. ಮೊದಲ ದಿನ ಹಾಕಿದ ಗೆರೆ ತಪ್ಪಿತ್ತು. ಅಲ್ಲಿ ನಗರಸಭೆಯ ನಲ್ಲಿ ಇತ್ತು, ಅದರ ಕಟ್ಟೆ ಕಲ್ಲು ಈಗಲೂ ಮಿಷನ್ನಿನ ಕೆಳಗಿದೆ. ಆ ಆರಡಿ-ನಾಲ್ಕಡಿ ಪೂರ್ತಿ ಸಾರ್ವಜನಿಕರದ್ದು. ಅವರು ಯಾರ ದಯೆಯಿಂದಲೂ ಅಲ್ಲಿ ಕೂತಿಲ್ಲ."

ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಡ್ರಮ್ಮರ್ ಎಚ್ಚರಗೊಂಡು ಯಾಕೆಂದು ತಿಳಿಯದೆಯೇ ಶಿಳ್ಳೆ ಹೊಡೆದ!

ಎರಡು ವಾರದೊಳಗೆ ಗೇಟು ತೆಗೆಯಬೇಕು ಅಂತ ಆದೇಶವಾಯಿತು. ಸೂಜಿ ಮಾತ್ರ ಕೂತಲ್ಲೇ ಕೂತಿದ್ದಳು. ಸಿಟ್ಟು ಎಲ್ಲಿ ಹೋಯಿತು? ನಾಚಿಕೆ ಎಲ್ಲಿಂದ ಬಂತು? ಅವಳು ತಲೆಯೆತ್ತುವಷ್ಟರಲ್ಲಿ ಅವನು ಕಾಗದ ಜೋಡಿಸಿಕೊಂಡು ಹೊರಟುಹೋಗಿದ್ದ.

ಅವತ್ತಿನಿಂದ ಅವನು ಬೀದಿಗೆ ಬರಲಿಲ್ಲ. ಒಂದು ದಿನ... ಮೂರು ದಿನ... ಒಂದು ವಾರ. ನೆರಳೂ ಬೀಳಬಾರದು ಅಂದವಳು ತಾನೇ ಅಲ್ಲವೇ?

"ಅಳೆಯೋ ಕೆಲಸ ಮುಗೀತಲ್ಲ, ಇನ್ಯಾಕೆ ಬರ್ತಾರೆ," ಅಂದಳು ಯಾರೂ ಕೇಳದಿದ್ದರೂ.

"ಅವರು ಬರದಿದ್ರೆ ನಿನಗೆ ಕಾಲಿಲ್ವಾ?" ಅಂದಳು ಅತ್ತೆ ಚಮಕಿಯಿಂದ ಕಣ್ಣೆತ್ತದೆ. "ಹೋಗೇ ತಾಯಿ. ನೀನು ಹಾಳು ಮಾಡಿದ ಬಟ್ಟೆ ಬಿಚ್ಚಿ ಬಿಚ್ಚಿ ನನ್ನ ಬೆರಳು ನೋಯ್ತಿದೆ."

ನಗರಸಭೆಯಲ್ಲಿ ನಾಲ್ಕು ಕೌಂಟರ್ ಅಲೆದು, ಎರಡು ಮಹಡಿ ಹತ್ತಿ, ಕೊನೆಗೆ ನಕ್ಷೆಗಳ ಕೋಣೆ ಸಿಕ್ಕಿತು. ಕಪಾಟುಗಳ ನಡುವೆ ಅವನು ಒಬ್ಬನೇ ಇದ್ದ. ಅವಳನ್ನು ಕಂಡು ತಟ್ಟನೆ ಎದ್ದ. ಸುರುಳಿ ಸುತ್ತಿದ್ದ ನಕ್ಷೆಗಳು ದಬದಬ ಉರುಳಿದವು.

"ಏನಾದರೂ ತೊಂದರೆ ಆಯ್ತಾ?"

"ಆಯ್ತು." ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ನಾನು ನಿಮಗೆ ಏನೇನೋ ಅಂದೆ. ತಪ್ಪಾಯ್ತು ಅನ್ನೋಕೆ ಬಂದೆ. ಅಥವಾ ಜಗಳ ಆಡೋಕೆ ಬಂದೆ. ಯಾಕೆ ಬಂದೆ ಅಂತ ನನಗೇ ಗೊತ್ತಾಗ್ತಿಲ್ಲ! ನೀವು ಯಾಕೆ ಬರಲಿಲ್ಲ?"

"ಹೋಗಿ ಅಂದ್ರಲ್ಲ..."

"ಅಂದ ತಕ್ಷಣ ಹೋಗಿಬಿಡೋದಾ?"

ಅವನು ಬಿದ್ದ ನಕ್ಷೆಯೊಂದನ್ನು ಎತ್ತಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಅಳತೆ ಎರಡನೇ ದಿನಾನೇ ತಾಳೆ ಆಗಿತ್ತು. ಪತ್ರ ಹುಡುಕೋಕೆ, ನಿಮ್ಮ ಅತ್ತೆಯ ಹೇಳಿಕೆಗೆ ಇನ್ನೆರಡು ದಿನ ಸಾಕಿತ್ತು. ಉಳಿದದ್ದೆಲ್ಲ... ಸುಳ್ಳು."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಸರ್ಕಾರಿ ಕೆಲಸದಲ್ಲಿ ಸುಳ್ಳು ಹೇಳಿದ್ರಾ?"

"ಮೊದಲ ಸಲ."

ಕಿಟಕಿಯಿಂದ ಬಿಸಿಲು ಬಂದು ಧೂಳಿನಲ್ಲಿ ನಿಂತಿತ್ತು. ಅವಳು ಅವನ ಕೈಯಲ್ಲಿದ್ದ ನಕ್ಷೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ನನಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ," ಅಂದಳು. "ನೀವು ಬರದ ಈ ಏಳು ದಿನ ನನಗೆ ಒಂದು ಗುಂಡಿ ಕೂಡ ಸರಿಯಾಗಿ ಹೊಲಿಯೋಕೆ ಆಗಲಿಲ್ಲ. ಅಷ್ಟೇ."

ಅವನ ಕಣ್ಣು ತುಂಬಿ ಬಂತು. "ನೀವು... ನಿಜವಾಗಿಯೂ..."

"ಈ 'ನೀವು' ಅನ್ನೋದನ್ನ ಯಾವಾಗ ಬಿಡ್ತೀರಿ?"

"ನೀವು ಬಿಟ್ಟಾಗ."

ಅವಳು ಬಾಯಿ ತೆರೆದಳು. ಊರಿಗೆಲ್ಲ ಉತ್ತರ ಕೊಡುತ್ತಿದ್ದ ನಾಲಿಗೆ ಅವತ್ತು ಒಂದೇ ಒಂದು ಪದಕ್ಕೆ ತಡವರಿಸಿತು. ಮುಖ ಕೆಂಪಾಯಿತು. ಕೊನೆಗೆ ಅವನ ಎದೆಗೆ ಹಣೆ ಒತ್ತಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು.

"ನೀನು."

"ಇನ್ನೊಂದ್ಸಲ ಹೇಳು..."