ವಾಸದ ಆಧಾರದ ಮೇಲೆ

ಅರ್ಜಿಯನ್ನು ಅವನೇನೂ ಕದ್ದು ನೋಡಲಿಲ್ಲ. ಅದು ಹೊಲಿಗೆ ಮೆಷಿನ್ ಮೇಲೆ ತೆರೆದೇ ಬಿದ್ದಿತ್ತು. ಪೌರತ್ವ ಕೇಳಲು ಕಾರಣವೇನು ಎಂಬಲ್ಲಿ ಎರಡು ಚೌಕಗಳಿದ್ದವು: ಒಂದು ಮದುವೆ, ಇನ್ನೊಂದು ವಾಸ. ಹೆಂಡತಿ ವಾಸಕ್ಕೆ ಗುರುತು ಹಾಕಿದ್ದಳು.

ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವವನು ಅವನು, ಏನನ್ನೂ ಎರಡು ಸಲ ನೋಡದೆ ನಂಬುವವನಲ್ಲ. ಮತ್ತೆ ನೋಡಿದ. ಗುರುತು ವಾಸಕ್ಕೇ ಇತ್ತು.

ಬೇರೆ ದೇಶದಿಂದ ಬಂದ ಅವಳು ಇಲ್ಲಿಯವನಾದ ಅವನ ಕೈಹಿಡಿದು ಮೂರು ವರ್ಷ. ಮದುವೆಯ ಮೇಲೆ ಅರ್ಜಿ ಹಾಕಿದರೆ ಆರೇ ತಿಂಗಳಲ್ಲಿ ಪೌರತ್ವ. ವಾಸದ ಮೇಲಾದರೆ ಇನ್ನೂ ಎರಡು ವರ್ಷ; ಪೌರತ್ವ ಸಿಗುವವರೆಗೂ ಗಡಿ ದಾಟುವಂತಿಲ್ಲ. ದಾಟಿದರೆ ಎಣಿಕೆ ಮೊದಲಿನಿಂದ. ಅತ್ತ ಅವಳ ತಂಗಿಯ ಮಗುವಿಗಾಗಲೇ ಹತ್ತು ತಿಂಗಳು. ಫೋನಿನಲ್ಲಿ ನೋಡಿ, ಅಂದಾಜಿನ ಮೇಲೆ ಫ್ರಾಕ್ ಹೊಲಿದು ಕಳಿಸುತ್ತಿದ್ದಳು. ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವ ಟೈಲರಮ್ಮನ ಫ್ರಾಕು ಆ ಮಗುವಿಗೆ ಮಾತ್ರ ಒಂದೂ ಸರಿಹೊಂದಿರಲಿಲ್ಲ.

ಬಟ್ಟೆ ಒಣಹಾಕಿ ಒಳಗೆ ಬಂದವಳು ಅವನ ಮುಖ ನೋಡಿ ಅಲ್ಲೇ ನಿಂತಳು.

“ನನ್ನ ಹೆಂಡತಿ ಅಂತ ಬರೆಯೋಕೆ ನಾಚಿಕೆನಾ?”

“ಅಯ್ಯೋ, ಎಂಥಾ ಮಾತಾಡ್ತೀರಿ! ಸಂಜೆ ಕೂತು ಹೇಳೋಣ ಅಂತಿದ್ದೆ.”

“ಈಗಲೇ ಹೇಳು.”

ಅವಳು ಸ್ಟೂಲಿನ ಮೇಲೆ ಕೂತು ಮೆಷಿನ್ನಿನ ಚಕ್ರವನ್ನು ಸುಮ್ಮಸುಮ್ಮನೆ ತಿರುಗಿಸಿದಳು. ಒಮ್ಮೆ ಓರೆಗಣ್ಣಲ್ಲಿ ಅವನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು.

“ಮೊನ್ನೆ ನಿಮ್ಮಕ್ಕ ಅಡುಗೆಮನೆಯಲ್ಲಿ ನಿಮಗೆ ಹೇಳಿದ್ದು ಕೇಳಿಸ್ತು. ‘ಕಾಗದ ಕೈಗೆ ಸಿಗಲಿ, ಆಮೇಲೆ ನೋಡು ಅವಳ ಆಟ’ ಅಂತ.”

“ಅಕ್ಕನ ಬಾಯಿಗೆ ಬೀಗ ಇಲ್ಲ ಕಣೇ. ಅದನ್ನ ತಲೆಗೆ ಹಚ್ಕೊಂಡ್ಯಾ?”

“ಅವರು ಅಂದಿದ್ದಕ್ಕಲ್ಲ. ನೀವು ಸುಮ್ನೆ ಇದ್ರಲ್ಲ, ಅದಕ್ಕೆ.”

ಅವನು ಅರ್ಜಿಯ ಮೂಲೆಯನ್ನು ಬೆರಳಿನಿಂದ ಉಜ್ಜತೊಡಗಿದ.

“ನಾನು ಬಂದಿದ್ದು ನಿಮಗೋಸ್ಕರ, ಕಾಗದಕ್ಕಲ್ಲ. ಅದು ನಿಮಗೆ ಗೊತ್ತಾಗ್ಬೇಕು ಅಷ್ಟೆ. ಎರಡು ವರ್ಷ ತಾನೇ, ಕಾದ್ರೆ ಸವೆದು ಹೋಗ್ತೀನಾ?” ಎಂದು ನಗಲು ನೋಡಿದಳು.

ಸುಳ್ಳು ಹೇಳಿ ಪಾರಾಗಬಹುದಿತ್ತು. ಅವನ ಮನಸ್ಸು ಒಪ್ಪಲಿಲ್ಲ.

“ಅನುಮಾನ ಇತ್ತು,” ಅಂದ. “ಅಕ್ಕ ಹೇಳಿದ್ಮೇಲಲ್ಲ, ಮದುವೆ ದಿನದಿಂದಲೇ. ಇಷ್ಟು ಚೆಂದದವಳು ನನ್ನಂಥವನನ್ನ ಯಾಕೆ ಒಪ್ಕೊಂಡ್ಳು ಅಂತ. ಒಂದೊಂದ್ಸಲ ಈಗಲೂ ಅನಿಸುತ್ತೆ.”

ಅವಳ ಕಣ್ಣು ತುಂಬಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

“ನನ್ನ ಅನುಮಾನಕ್ಕೆ ನೀನ್ಯಾಕೆ ಶಿಕ್ಷೆ ಅನುಭವಿಸ್ಬೇಕು? ಮದುವೆಗೇ ಗುರುತು ಹಾಕು, ನಾನು ಸಹಿ ಮಾಡ್ತೀನಿ. ಕಾಗದ ಸಿಕ್ಕಿದ ಕೂಡಲೇ ಹೋಗಿ ಮಗುನ ಎತ್ಕೊಂಡು ಮುದ್ದಾಡಿ ಬಾ.”

“ಹೋದವಳು ಬರದೇ ಇದ್ರೆ?”

“ಅಷ್ಟೇ ನನ್ನ ಋಣ ಅನ್ಕೋತೀನಿ. ಈಗ ಎಲ್ಲಿಗೂ ಹೋಗೋ ಹಾಗಿಲ್ಲ ಅಂತ ಇಲ್ಲಿದ್ದೀಯೇನೋ, ನಂಗೇನು ಗೊತ್ತು? ಹೋಗೋಕೆ ದಾರಿ ಇದ್ದೂ ನೀನು ಈ ಮನೆಗೇ ವಾಪಸ್ ಬಂದ್ರೆ…”

ಅವಳು ಡ್ರಾಯರ್‌ನಿಂದ ಇನ್ನೊಂದು ಖಾಲಿ ಅರ್ಜಿ ತೆಗೆದಳು. ಮದುವೆಯ ಚೌಕಕ್ಕೆ ಗುರುತು ಹಾಕಿ, ಸೆರಗಿನಿಂದ ಮೂಗು ಒರೆಸಿಕೊಂಡು ಪೆನ್ನನ್ನು ಅವನತ್ತ ಚಾಚಿದಳು.

“ಬರ್ತೀನಿ ರೀ. ಬಂದ ಮೂರನೇ ದಿನಕ್ಕೇ ಜಗಳಾನೂ ಆಡ್ತೀನಿ. ಆವಾಗ, ಇವಳು ಯಾಕಾದ್ರೂ ಬಂದ್ಳಪ್ಪಾ ಅನ್ನಬಾರದು.”

“ಅಂತೀನಿ,” ಅಂದ ಅವನು ಸಹಿ ಹಾಕುತ್ತ. “ಆದ್ರೆ ನೀನು ಬರೋ ದಿನ ಮಾತ್ರ, ರೈಲು ಬರೋ ಒಂದು ಗಂಟೆ ಮುಂಚೆನೇ ಸ್ಟೇಷನ್‌ನಲ್ಲಿ ನಿಂತಿರ್ತೀನಿ.”