ಸಬೀನಾಳ ಪಾಲಿನ ಮೊಟ್ಟೆಗಳು

"ಕೋಳಿ ಮೊಟ್ಟೆ ಇಟ್ರೆ ತಿನ್ನು, ಇಡದಿದ್ರೆ ಬಿಡು. ಎಲ್ಲಿಗೆ ಹೋದ್ವು ಅಂತ ಮಾತ್ರ ಹುಡುಕ್ಕೊಂಡು ಹೋಗ್ಬೇಡ, ಇಂದಾಯ್."

ತಿಯಾ ಪುರಿಂಗ್ ದನಿ ತಗ್ಗಿಸಿ ಇಷ್ಟು ಹೇಳಿ, ಹಿತ್ತಿಲ ಬಿದಿರು ಬೇಲಿಯತ್ತ ಒಮ್ಮೆ ಕಣ್ಣು ಹಾಯಿಸಿದಳು. ಮುದುಕಿ ಅಕ್ಕರೆಯಿಂದ 'ಇಂದಾಯ್', ಮಗಳೇ, ಎಂದು ಕರೆಯುತ್ತಿದ್ದ ಡೆಲ್ಫಿನಾ ಕಿಸಕ್ಕನೆ ನಕ್ಕಳು.

"ಯಾಕೆ ತಿಯಾ, ಮೊಟ್ಟೆ ಕದಿಯೋ ದೆವ್ವ ಇದ್ಯಾ? ಆಮ್ಲೆಟ್ ಮಾಡ್ಕೊಂಡು ತಿನ್ನುತ್ತಾ?"

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು. ಮತ್ತೆ ಆ ಮಾತೆತ್ತಲಿಲ್ಲ.

ಡೆಲ್ಫಿನಾ ಸೆಬು ಪಟ್ಟಣದ ಕೋಳಿ ಫಾರಂ ಒಂದರಲ್ಲಿ ಆರು ವರ್ಷ ದುಡಿದವಳು. ಮದುವೆಯಾದ ಮೇಲೆ ಗಂಡ ರೊಡೆಲ್ ಅವಳನ್ನು ಈ ಪುಟ್ಟ ದ್ವೀಪದಲ್ಲಿ ತನ್ನ ಸೋದರತ್ತೆ ಪುರಿಂಗ್‌ಳ ಜೊತೆ ಬಿಟ್ಟು ಹಡಗಿನ ಕೆಲಸಕ್ಕೆ ಹೊರಟುಹೋಗಿದ್ದ. ಅದಾಗಿ ಎರಡು ತಿಂಗಳು. ಬಂದ ಹೊಸತರಲ್ಲಿ ಹಿತ್ತಿಲ ಒಂಬತ್ತು ಹೇಂಟೆಗಳು ದಿನಕ್ಕೆ ಆರೇಳು ಮೊಟ್ಟೆ ಇಡುತ್ತಿದ್ದವು. ಬರಬರುತ್ತಾ ಮೂರಾಯಿತು, ಒಂದಾಯಿತು, ಈಗ ಬುಟ್ಟಿಯಲ್ಲಿ ಬರೀ ಹುಲ್ಲು.

ಕೋಳಿಯ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡು ಡೆಲ್ಫಿನಾ ಕೆಲಸಕ್ಕೆ ಇಳಿದಳು. ಹಗಲು ಚಿಕ್ಕದಾದರೆ ಮೊಟ್ಟೆ ಇಳಿಯುತ್ತದೆ; ಆದರೆ ಇದು ಜೂನ್, ಬೆಳಕಿಗೆ ಬರವಿಲ್ಲ. ಗರಿ ಉದುರಿಸುತ್ತಿವೆಯೋ ಎಂದರೆ ಮೈ ತುಂಬಾ ಗರಿ ಮಿರಮಿರ ಮಿಂಚುತ್ತಿತ್ತು. ರೆಕ್ಕೆ ಎತ್ತಿ ಹೇನು ಹುಡುಕಿದಳು, ಒಂದೂ ಇಲ್ಲ. ತೌಡಿನ ಜೊತೆ ಕಪ್ಪೆಚಿಪ್ಪು ಕುಟ್ಟಿ ಹಾಕಿದಳು. ಉಡವೋ ಹಾವೋ ಬರುತ್ತಿರಬಹುದೆಂದು ಗೂಡಿನ ಸುತ್ತ ಬೂದಿ ಹರಡಿದಳು. ಬೆಳಿಗ್ಗೆ ನೋಡಿದರೆ ಕೋಳಿ ಹೆಜ್ಜೆ ಬಿಟ್ಟು ಬೇರೇನೂ ಮೂಡಿರಲಿಲ್ಲ. ಕೊನೆಗೆ ಒಂದೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊಟ್ಟೆ ಮುಟ್ಟಿ ನೋಡಿದಳು. ಹಿಂಭಾಗದ ಎಲುಬುಗಳು ಮೂರು ಬೆರಳಗಲ ಬಿರಿದಿದ್ದವು. ಅಂದರೆ ಇವು ಮೊಟ್ಟೆ ಇಡುತ್ತಲೇ ಇವೆ. ಇಲ್ಲಿ ಇಡುತ್ತಿಲ್ಲ, ಅಷ್ಟೇ.

ಫಾರಂನ ಉಪಾಯ ನೆನಪಾಯಿತು. ಅಡುಗೆಗೆ ಬಣ್ಣ ಬರಲೆಂದು ಹಾಕುವ ಕೆಂಪು ಬೀಜವನ್ನು ಎಣ್ಣೆಯಲ್ಲಿ ಅರೆದು ಪ್ರತಿಯೊಂದು ಹೇಂಟೆಯ ಬಾಲದ ಕೆಳಗೆ ಸವರಿದಳು. ಯಾವ ಮೂಲೆಯಲ್ಲಿ ಇಟ್ಟರೂ ಮೊಟ್ಟೆಯ ಮೇಲೆ ಕೆಂಪು ಗೆರೆ ಬೀಳಲೇಬೇಕು.

ಮೂರನೆಯ ದಿನ ಮಧ್ಯಾಹ್ನ. ತಿಯಾ ಪುರಿಂಗ್ ಚರ್ಚಿಗೆ ಹೋಗಿದ್ದಳು. ಸಮುದ್ರದ ಕಡೆಯಿಂದ ಮೋಡ ಕವಿದು ಹಗಲೇ ಮಂಕಾಗಿತ್ತು. ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಹೇಂಟೆಗಳು ಒಂದರ ಹಿಂದೆ ಒಂದು ಬೇಲಿಯ ಕಂಡಿ ದಾಟಿದವು. ಡೆಲ್ಫಿನಾ ಹಿಂದೆಯೇ ನುಸುಳಿದಳು.

ಬೇಲಿಯಾಚೆ ಪೊದೆಗಳ ನಡುವೆ ಮರದ ಕಂಬಗಳ ಮೇಲೆ ನಿಂತ ಪಾಳು ಗುಡಿಸಲು. ಅದರ ಅಡಿಯಲ್ಲಿ ಕಪ್ಪಗಿನ ಕತ್ತಲೆ. ಮೊಟ್ಟೆ ಇಟ್ಟ ಕೋಳಿ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಇವು ತುಟಿಪಿಟಕ್ ಅನ್ನಲಿಲ್ಲ. ಡೆಲ್ಫಿನಾ ಮಂಡಿಯೂರಿ ಒಳಗೆ ತೆವಳಿದಳು. ಒದ್ದೆ ಮಣ್ಣು, ಹಳೇ ಮೇಣದಬತ್ತಿ, ಹಸಿ ರಕ್ತದಂಥ ಒಂದು ವಾಸನೆ. ಒಂಬತ್ತೂ ಹೇಂಟೆಗಳು ಸುತ್ತುಗಟ್ಟಿ ಕುಳಿತಿದ್ದವು. ನಡುವೆ ಕುತ್ತಿಗೆಯವರೆಗೆ ಹೂತ ಕರಿ ಮಡಕೆ. ಮಡಕೆಯ ಬಾಯಿಗೆ ಹೆಂಗಸಿನ ಉದ್ದ ಕೂದಲು ಸುತ್ತಿತ್ತು. ಒಳಗೆ ಮೊಟ್ಟೆಗಳು. ಮೇಲಿನವುಗಳ ಮೇಲೆ ಕೆಂಪು ಗೆರೆ.

"ಸಿಕ್ಕಿಬಿದ್ರಾ ಕಳ್ಳಿಯರಾ!"

ಮೊಟ್ಟೆಗಳು ಬೆಚ್ಚಗಿದ್ದವು. ತಳದವೂ ಬೆಚ್ಚಗಿದ್ದವು. ಲಂಗದ ಮಡಿಲಿಗೆ ತುಂಬಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಯಾರೋ ಮೂಗಿನಲ್ಲೇ ಜೋಗುಳ ಗುನುಗಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಗಾಳಿ ಎಂದುಕೊಂಡಳು. ಗಾಳಿ ಇರಲಿಲ್ಲ.

ಮನೆಗೆ ಬಂದು ಬೆಳ್ಳುಳ್ಳಿ ಹಾಕಿ ಒಂದು ಮೊಟ್ಟೆ ಹುರಿದು, ಅನ್ನದ ಜೊತೆ ತಿಂದಳು. ತಾಜಾ ಮೊಟ್ಟೆ, ರುಚಿಯಾಗಿತ್ತು. ಇನ್ನೊಂದನ್ನು ಒಡೆಯಲೆಂದು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ಯಾರೋ ಮುಷ್ಟಿ ಬಿಗಿದು ಎಳೆದಂತಾಯಿತು. ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ನೋಡಿದರೆ ರಕ್ತ.

ಬಾಗಿಲಲ್ಲಿ ತಿಯಾ ಪುರಿಂಗ್ ನಿಂತಿದ್ದಳು. ಬುಟ್ಟಿ ನೋಡಿದಳು, ಬಾಣಲೆ ನೋಡಿದಳು.

"ಎಷ್ಟು ತಿಂದೆ?"

"ಏನಾಗ್ತಿದೆ ತಿಯಾ..."

"ಎಷ್ಟು ತಿಂದ್ಯೇ!"

"ಒಂದು... ಒಂದೇ."

ಮುದುಕಿ ಅವಳ ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ಬುಟ್ಟಿಯಲ್ಲಿಟ್ಟಳು.

"ನೀನು ಬಸುರಿ, ಇಂದಾಯ್. ಮೊಟ್ಟೆ ಕಮ್ಮಿ ಆದಾಗ್ಲೇ ನಂಗೆ ಗೊತ್ತಾಯ್ತು. ನಿಂಗಿಂತ ಮೊದ್ಲೇ."

ಊರು ಬದಲಾಗಿದ್ದಕ್ಕೆ ಮುಟ್ಟು ತಪ್ಪಿದೆ ಎಂದುಕೊಂಡಿದ್ದ ಡೆಲ್ಫಿನಾ ಕಣ್ಣು ಬಿಟ್ಟು ನೋಡಿದಳು.

"ನಮ್ಮಮ್ಮ ಸೂಲಗಿತ್ತಿ. ಆಚೆ ಗುಡಿಸಲಿನ ಸಬೀನಾ ನೋವು ತಿನ್ನುತ್ತಾ ಬಂದು ಬಾಗಿಲು ಬಡಿದ್ರೂ ತೆಗೀಲಿಲ್ಲ. ಏನೋ ಹಳೇ ಜಗಳ. ಹೊಸಿಲ ಮೇಲೇನೇ ಮಗು ಸತ್ತುಹೋಯ್ತು. ಈ ಮನೆ ಹೆಂಗಸರ ಹೊಟ್ಟೇಲಿ ಮೂಡೋದೆಲ್ಲ ನಂದು ಅಂತ ಅವಳು ಮಾಟ ಹೂತಿಟ್ಟು ಸತ್ಳು. ನಾನು ನಾಲ್ಕು ಕಳ್ಕೊಂಡೆ. ಆಮೇಲೆ ಬೆಟ್ಟದ ಮೇಲಿನ ಮಂತ್ರವಾದಿ ಮುದುಕ ಬಂದು, ಮಗುವಿನ ಬದಲು ಮೊಟ್ಟೆ ತಗೋ ಅಂತ ಅವಳನ್ನ ಒಪ್ಪಿಸ್ದ. ನಮ್ಮಣ್ಣನ ಹೆಂಡ್ತಿಗೆ ನಿನ್ನ ಗಂಡ ಹಂಗೇ ಹುಟ್ಟಿದ್ದು."

"ಮೊದ್ಲೇ ಹೇಳ್ಬಾರ್ದಿತ್ತಾ!"

"ಬಾಯಿಬಿಟ್ಟು ಹೇಳಿದ್ರೆ ಒಪ್ಪಂದ ಮುರೀತಿತ್ತು. ಈಗ ನೀನೇ ಮುರಿದಿದ್ದೀಯ. ಏಳು. ನಿನ್ನ ಕೈಯಾರೆ ವಾಪಸ್ ಇಡ್ಬೇಕು. ಮಳೆ ಬರೋಕ್ ಮುಂಚೆ!"

ಡೆಲ್ಫಿನಾ ನಗಲಿಲ್ಲ. ಬುಟ್ಟಿ ಅವುಚಿಕೊಂಡಳು. ಬೇಲಿ ದಾಟಿದಳು. ಪ್ರತಿ ಹೆಜ್ಜೆಗೂ ರಕ್ತ. ಗುಡುಗಿತು. ತೆವಳಿದಳು. ಮೊಣಕೈ ತರಚಿತು. ಹೇಂಟೆಗಳು ಎದ್ದು ದಾರಿ ಬಿಟ್ಟವು. ಮಡಕೆಯ ಬಾಯಿ ಕೈಗೆ ಸಿಕ್ಕಿತು. ಒಂದು ಇಟ್ಟಳು. ಇನ್ನೊಂದು. ಮತ್ತೊಂದು. ಜೋಗುಳ ಹತ್ತಿರ ಬಂತು. ಕಿವಿಯ ಪಕ್ಕ ಬಂತು. ಕೊನೆಯ ಮೊಟ್ಟೆ ಇಟ್ಟಳು. ಜೋಗುಳ ನಿಂತಿತು.

ಕತ್ತಲೆಯಿಂದ ಒಂದು ತಣ್ಣನೆಯ ಅಂಗೈ ಬಂದು ಅವಳ ಹೊಟ್ಟೆಯ ಮೇಲೆ ಕುಳಿತಿತು. ನಿಧಾನವಾಗಿ ತಡವಿತು.

"ಒಂದು ಕಮ್ಮಿ ಇದೆ."

"ತಪ್ಪಾಯ್ತಮ್ಮಾ... ನಂಗ್ ಗೊತ್ತಿರ್ಲಿಲ್ಲ... ಬಿಟ್ಬಿಡಮ್ಮಾ..."

ಅಂಗೈ ಒಮ್ಮೆ ಒತ್ತಿತು. ಆಮೇಲೆ ಇರಲಿಲ್ಲ. ಮಳೆ ಧೋ ಎಂದು ಸುರಿಯತೊಡಗಿತು.

ಡೆಲ್ಫಿನಾ ಮನೆ ತಲುಪುವಷ್ಟರಲ್ಲಿ ರಕ್ತ ನಿಂತಿತ್ತು.

ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಪಟ್ಟಣಕ್ಕೆ ಹೋದರು. ಡಾಕ್ಟರಮ್ಮ ಸ್ಕ್ಯಾನಿಂಗಿನ ಪರದೆಯನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಮೃದುವಾಗಿ ಮಾತಾಡಿದಳು.

"ಹೆದರ್ಬೇಡಮ್ಮ. ಮಗು ಗಟ್ಟಿಯಾಗಿದೆ, ಎದೆ ಚೆನ್ನಾಗಿ ಬಡ್ಕೊಳ್ತಿದೆ. ಆದ್ರೆ ಅವಳಿ ಇದ್ದವು ನೋಡು. ಇನ್ನೊಂದರ ಎದೆ ನಿಂತಿದೆ. ನಿನ್ನೆನೇ ಹೋಗಿರ್ಬೇಕು. ಯಾರ ತಪ್ಪೂ ಅಲ್ಲ ಇದು, ತಿಳೀತಾ? ಯಾರ ತಪ್ಪೂ ಅಲ್ಲ."

ಡೆಲ್ಫಿನಾ ಹಾಸಿಗೆಯಿಂದಿಳಿದು ಹೊರಗೆ ಓಡಿದಳು. ಆಸ್ಪತ್ರೆಯ ಗೋಡೆಗೆ ಒರಗಿ ಗಂಟಲೊಳಗೆ ಎರಡು ಬೆರಳು ತುರುಕಿಕೊಂಡಳು. ನಿನ್ನೆ ತಿಂದದ್ದು ಇವತ್ತು ಹೊರಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ತುರುಕುತ್ತಲೇ ಇದ್ದಳು. ತಿಯಾ ಪುರಿಂಗ್ ಹಿಂದಿನಿಂದ ಅವಳ ಕೂದಲನ್ನು ಎತ್ತಿ ಹಿಡಿದು ನಿಂತಿದ್ದಳು.